ಹಳೆಯ ಕಾರಿಗೆ ಬಿಟ್ಟು ಬಿಟ್ಟು ಒರೆಸುವ ವೈಪರ್: ಯಾವ ಕಾರಿಗೆ ಯಾವ ದಾರಿ?

ಜಡಿಮಳೆಗೆ ಹಳೆಯ ಕಾರಿನ ವೈಪರ್ ಸಾಕು. ಅದನ್ನು ಮಾಡಿದ್ದೇ ಅಂಥ ಮಳೆಗಾಗಿ. ಕಷ್ಟ ಕೊಡುವುದು ಸೋನೆ. ಹನಿಗಳು ಒಂದಕ್ಕೊಂದು ಕೂಡಿಕೊಂಡು ಐದಾರು ಸೆಕೆಂಡುಗಳಲ್ಲಿ ನೋಟ ಮಸುಕಾಗುತ್ತದೆ. ಸ್ವಿಚ್ಚು ಹಾಕಿದರೆ ಮೊದಲ ಬೀಸಿಗೇ ಗಾಜು ತಿಳಿಯಾಗುತ್ತದೆ, ಎರಡನೆಯ ಬೀಸಿಗೆ ಒಣಗಾಜಿನ ಮೇಲೆ ರಬ್ಬರು ಕಿರುಗುಟ್ಟುತ್ತದೆ. ಆರಿಸಬೇಕು, ಕಾಯಬೇಕು, ಮತ್ತೆ ಹಾಕಬೇಕು. ಒಂದು ಗಂಟೆಯ ಪ್ರಯಾಣದಲ್ಲಿ ಎಡಬಿಡದೆ ಸೋನೆ ಹಿಡಿದರೆ ಕೈ ನೂರಾರು ಬಾರಿ ಸ್ಟಿಯರಿಂಗ್ ಬಿಟ್ಟು ಡ್ಯಾಶ್‌ಬೋರ್ಡಿಗೆ ಹೋಗಿ ಬರುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ, ಡ್ರಮ್ ಬ್ರೇಕಿನ ಕಾರಿನಲ್ಲಿ, ಒದ್ದೆ ರಸ್ತೆಯಲ್ಲಿ, ಆ ಕೈ ಇರಬೇಕಾದ ಜಾಗ ಅದಲ್ಲ.

ಹಾಗಾಗಿ ವೈಪರ್ ತಾನೇ ಬಿಟ್ಟು ಬಿಟ್ಟು ಒರೆಸುವಂತೆ ಮಾಡುವ ಬದಲಾವಣೆಯನ್ನು ನಾನು ಶೋಕಿ ಎಂದು ಎಣಿಸುವುದಿಲ್ಲ. ಹಳೆಯ ಕಾರನ್ನು ಮೂಲರೂಪದಲ್ಲೇ ಉಳಿಸಬೇಕೆಂಬ ಹಟ ನನಗೂ ಇದೆ. ಆದರೆ ಹೊರಗೆ ಕಾಣದಂತೆ, ಬೇಕೆಂದಾಗ ತೆಗೆದುಹಾಕುವಂತೆ, ಒಂದು ತೂತನ್ನೂ ಕೊರೆಯದೆ ಮಾಡಬಹುದಾದ ಕೆಲಸ ಇದು. ಮಾಡುವ ದಾರಿಗಳು ಹಲವು. ಯಾವುದು ನಿಮ್ಮ ಕಾರಿಗೆ ಒಗ್ಗುತ್ತದೆ ಎಂಬುದನ್ನು ನಿರ್ಧರಿಸುವುದು ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯಲ್ಲ, ಕಾರಿನಲ್ಲಿ ಈಗಾಗಲೇ ಇರುವ ಮೋಟಾರು. ಅದು ಬೀಸು ಮುಗಿಸಿ ಹೇಗೆ ತಂಗುತ್ತದೆ ಎಂಬುದೇ ಇಲ್ಲಿ ಮುಖ್ಯ.

ಈ ವೈಪರಿನ ಹಿಂದಿನ ಕಥೆ ಚಿಕ್ಕದೇನಲ್ಲ. ವಿರಾಮ ಕೊಟ್ಟು ಒರೆಸುವ ಉಪಾಯಕ್ಕೆ 1920ರ ದಶಕದಿಂದಲೇ ಪೇಟೆಂಟ್ ಅರ್ಜಿಗಳಿದ್ದವು. ಬ್ರಿಟನ್ನಿನ ಲೂಕಾಸ್ ಕಂಪನಿಯ ಎಂಜಿನಿಯರ್ ಜಾನ್ ಏಮಸ್ 1961ರಲ್ಲಿ ಎಲೆಕ್ಟ್ರಾನಿಕ್ ವಿನ್ಯಾಸವೊಂದಕ್ಕೆ ಅರ್ಜಿ ಹಾಕಿದರು. ಅಮೆರಿಕದ ರಾಬರ್ಟ್ ಕರ್ನ್ಸ್ 1964ರ ಡಿಸೆಂಬರ್ 1ರಂದು ತಮ್ಮ ಅರ್ಜಿ ಸಲ್ಲಿಸಿದರು. ಕಣ್ಣು ಸದಾ ಮಿಟುಕುತ್ತಿರುವುದಿಲ್ಲ, ಬೇಕಾದಾಗ ಮಾತ್ರ ಮಿಟುಕುತ್ತದೆ, ವೈಪರೂ ಹಾಗೆ ಇರಬಾರದೇಕೆ ಎಂಬುದು ಅವರ ಪ್ರಶ್ನೆ. ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಅವರ ಉತ್ತರದ ತಿರುಳು. ಫೋರ್ಡ್ 1969ರಲ್ಲಿ ಇಂಥ ವೈಪರನ್ನು ಮಾರುಕಟ್ಟೆಗೆ ತಂದಿತು. ಕರ್ನ್ಸ್ ಹೂಡಿದ ಮೊಕದ್ದಮೆ ವರ್ಷಗಟ್ಟಲೆ ನಡೆದು, 1990ರಲ್ಲಿ ಫೋರ್ಡ್ 1.02 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ನಿಮ್ಮ ಕಾರು 1960ರ ದಶಕದ್ದಾದರೆ ಅದು ಹುಟ್ಟುವಾಗಲೇ ಈ ಉಪಾಯವೂ ಹುಟ್ಟಿತ್ತು. ಅದನ್ನು ಈಗ ಸೇರಿಸುವುದು ಆ ಕಾಲಕ್ಕೆ ಹೊರತಾದದ್ದೇನೂ ಅಲ್ಲ.

ಮೊದಲು ಮೋಟಾರನ್ನು ಅರಿಯಿರಿ

ಬಿಟ್ಟು ಬಿಟ್ಟು ಒರೆಸಲು ನಾವು ಸೇರಿಸುವ ಟೈಮರ್ ಮಾಡುವುದು ಒಂದೇ ಕೆಲಸ: ಮೋಟಾರಿಗೆ ಸ್ವಲ್ಪ ಹೊತ್ತು ಕರೆಂಟು ಕೊಟ್ಟು ಬಿಡುವುದು. ಬ್ಲೇಡುಗಳನ್ನು ಗಾಜಿನ ಆಚೆ ಅಂಚಿಗೆ ಒಯ್ದು, ಮರಳಿ ತಂದು, ತಂಗುವ ಜಾಗದಲ್ಲಿ ನಿಲ್ಲಿಸುವುದು ಮೋಟಾರಿನೊಳಗಿನ ಪಾರ್ಕ್ ಸ್ವಿಚ್ಚು. ಗೇರಿನ ಜೊತೆ ತಿರುಗುವ ಚಿಕ್ಕ ಕ್ಯಾಮ್ (ಅಂಚಿನಲ್ಲಿ ಉಬ್ಬಿರುವ ಬಿಲ್ಲೆ) ಈ ಸ್ವಿಚ್ಚನ್ನು ಆಡಿಸುತ್ತದೆ. ಅಂದರೆ ಬಿಟ್ಟು ಬಿಟ್ಟು ಒರೆಸುವ ವ್ಯವಸ್ಥೆಯ ಅರ್ಧ ಭಾಗ ಆಗಲೇ ಕಾರಿನಲ್ಲಿದೆ. ಆ ಅರ್ಧ ಸರಿಯಾಗಿಲ್ಲದಿದ್ದರೆ ಎಷ್ಟು ಒಳ್ಳೆಯ ಟೈಮರ್ ತಂದರೂ ಬ್ಲೇಡು ಕಣ್ಣೆದುರಿಗೇ ನಿಂತಿರುತ್ತದೆ.

ಪರೀಕ್ಷೆ ಸುಲಭ. ಗಾಜಿಗೆ ನೀರು ಹಾಕಿ. ಸ್ವಿಚ್ಚನ್ನು ಅರ್ಧ ಸೆಕೆಂಡು ಹಾಕಿ ಆರಿಸಿ. ಬ್ಲೇಡು ಇದ್ದಲ್ಲೇ ನಿಂತಿತೇ? ಹಾಗಾದರೆ ಪಾರ್ಕ್ ಸ್ವಿಚ್ಚು ಇಲ್ಲ, ಅಥವಾ ಕೆಟ್ಟಿದೆ. ಬೀಸು ಮುಗಿಸಿ ಬಂದು ತಟ್ಟನೆ ಕೆಳಗೆ ನಿಂತಿತೇ? ನೀವು ಅದೃಷ್ಟವಂತರು. ಬಂದು, ತಂಗುವ ಜಾಗ ದಾಟಿ ಒಂದಷ್ಟು ಮೇಲೇರಿ ನಿಂತಿತೇ, ಅಥವಾ ನಿಲ್ಲದೆ ಇನ್ನೊಂದು ಸುತ್ತು ಹೊಡೆಯಿತೇ? ಆಗ ಪಾರ್ಕ್ ಸ್ವಿಚ್ಚಿನ ಸಂಪರ್ಕ ಸವೆದಿದೆ, ಇಲ್ಲವೇ ಮೋಟಾರನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಸರ್ಕ್ಯೂಟ್ ತುಂಡಾಗಿದೆ.

ಬ್ರೇಕ್ ಎಂದೆನಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಶಾಶ್ವತ ಕಾಂತದ ಮೋಟಾರಿಗೆ ಕರೆಂಟು ನಿಲ್ಲಿಸಿದರೂ ಅದು ರಭಸದಲ್ಲಿ ತಿರುಗುತ್ತಲೇ ಇರುತ್ತದೆ, ತಿರುಗುವಾಗ ತಾನೇ ಡೈನಮೋ ಆಗುತ್ತದೆ. ಆ ಗಳಿಗೆಯಲ್ಲಿ ಅದರ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸಿಬಿಟ್ಟರೆ ಅದು ಹುಟ್ಟಿಸಿದ ಕರೆಂಟೇ ಅದನ್ನು ತಡೆದು ನಿಲ್ಲಿಸುತ್ತದೆ. ಲೂಕಾಸ್ 14ಡಬ್ಲ್ಯೂ ಥರದ ಎರಡು ವೇಗದ ಮೋಟಾರುಗಳು ಮಾಡುವುದು ಇದನ್ನೇ. ಬ್ಲೇಡು ಗಾಜಿನ ಮೇಲಿರುವಷ್ಟು ಹೊತ್ತು ಪಾರ್ಕ್ ವೈರಿನಲ್ಲಿ 12 ವೋಲ್ಟ್ ಇರುತ್ತದೆ, ತಂಗುವ ಜಾಗಕ್ಕೆ ಬಂದೊಡನೆ ಅದೇ ವೈರು ಅರ್ತಿಗೆ, ಅಂದರೆ ಕಾರಿನ ಲೋಹದ ಮೈಗೆ, ಸೇರುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚು ಆರಿಸಿದ ಸ್ಥಿತಿಯಲ್ಲಿ ಈ ಪಾರ್ಕ್ ವೈರನ್ನು ಮೋಟಾರಿನ ನಿಧಾನ ವೇಗದ ವೈರಿಗೆ ಜೋಡಿಸಿಟ್ಟಿರುತ್ತದೆ. ಆರಿಸಿದ ಮೇಲೂ ಬ್ಲೇಡು ಮನೆಗೆ ಬರುವುದು, ಬಂದು ತಟ್ಟನೆ ನಿಲ್ಲುವುದು ಎರಡೂ ಇದರಿಂದಲೇ.

ಈಗ ಬಹಳ ಜನ ಮಾಡುವ ತಪ್ಪನ್ನು ನೋಡಿ. ಟೈಮರಿನ ರಿಲೇಯಿಂದ (ಸಣ್ಣ ಕರೆಂಟು ಆಡಿಸುವ ಸ್ವಿಚ್ಚಿನಿಂದ) ನೇರವಾಗಿ ನಿಧಾನ ವೇಗದ ವೈರಿಗೆ 12 ವೋಲ್ಟ್ ಕೊಡುತ್ತಾರೆ. ಸ್ವಿಚ್ಚು ಆರಿದೆ, ಬ್ಲೇಡು ತಂಗಿದೆ, ಪಾರ್ಕ್ ವೈರು ಅರ್ತಿನಲ್ಲಿದೆ. ರಿಲೇ ಕೊಟ್ಟ ಕರೆಂಟು ಸ್ವಿಚ್ಚಿನ ಮೂಲಕ ಪಾರ್ಕ್ ವೈರಿಗೆ, ಅಲ್ಲಿಂದ ಅರ್ತಿಗೆ ಹೋಗುತ್ತದೆ. ನೇರ ಶಾರ್ಟ್. ಫ್ಯೂಸು ಇದ್ದರೆ ಫ್ಯೂಸು ಹಾರುತ್ತದೆ. ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನ ಹಿಂದೆ ಬಟ್ಟೆ ಸುತ್ತಿದ ಹಳೆಯ ವೈರು ಕರಗುತ್ತದೆ. ನಾನು ಮೊದಲ ಬಾರಿ ಮಾಡಿದ್ದು ಇದನ್ನೇ. ಮೂರು ಫ್ಯೂಸು ಹೋದ ಮೇಲೆ ಕಾಗದದ ಮೇಲೆ ಸರ್ಕ್ಯೂಟ್ ಬರೆಯಲು ಕುಳಿತೆ. ಮೊದಲೇ ಬರೆದಿದ್ದರೆ ಒಂದೂ ಹೋಗುತ್ತಿರಲಿಲ್ಲ.

ಸರಿಯಾದ ಜಾಗ ಪಾರ್ಕ್ ವೈರಿನ ನಡುವೆ. ಎರಡು ಕಡೆ ಹೊರಳುವ ರಿಲೇ ತೆಗೆದುಕೊಳ್ಳಿ. ಅದರ ಸಾಮಾನ್ಯ ಕಾಲು ಸ್ವಿಚ್ಚಿನ ಪಾರ್ಕ್ ಟರ್ಮಿನಲ್ಲಿಗೆ, ವಿಶ್ರಾಂತಿಯಲ್ಲಿ ಅಂಟಿಕೊಂಡಿರುವ ಕಾಲು ಮೋಟಾರಿನಿಂದ ಬರುವ ಪಾರ್ಕ್ ವೈರಿಗೆ, ಎಳೆದಾಗ ಅಂಟುವ ಕಾಲು ಫ್ಯೂಸಿನ ಮೂಲಕ 12 ವೋಲ್ಟಿಗೆ. ರಿಲೇ ಸುಮ್ಮನಿದ್ದಾಗ ಕಾರಿನ ಸರ್ಕ್ಯೂಟ್ ಮೊದಲಿದ್ದಂತೆಯೇ ಇರುತ್ತದೆ. ಸ್ವಿಚ್ಚನ್ನು ನಿಧಾನಕ್ಕೋ ವೇಗಕ್ಕೋ ಹಾಕಿದರೆ ಪಾರ್ಕ್ ಟರ್ಮಿನಲ್ ಬೇರ್ಪಡುವುದರಿಂದ ರಿಲೇ ಏನೇ ಕುಣಿದರೂ ಮೋಟಾರಿಗೆ ತಿಳಿಯುವುದಿಲ್ಲ. ಟೈಮರ್ ಸತ್ತರೂ ಹಳೆಯ ವೈಪರ್ ಹಾಗೆಯೇ ಓಡುತ್ತದೆ. ಈ ಕೊನೆಯ ಗುಣವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಮುಂದೆ ಬರುವ ಪ್ರತಿಯೊಂದು ಆಯ್ಕೆಯನ್ನೂ ನಾನು ಮೊದಲು ಇದೇ ಪ್ರಶ್ನೆಯಿಂದ ತೂಗುತ್ತೇನೆ: ಹೊಸದು ಕೆಟ್ಟರೆ ಹಳೆಯದು ಉಳಿಯುತ್ತದೆಯೇ?

ಇನ್ನೂ ಹಳೆಯ ಮೋಟಾರುಗಳ ಸಂಗತಿ ಬೇರೆ. ಲೂಕಾಸ್ ಡಿಆರ್3ಎ ಮಾದರಿಯದು ಒಂದೇ ವೇಗದ, ತಂತಿ ಸುತ್ತಿದ ಕಾಂತದ ಮೋಟಾರು. ಇಗ್ನಿಷನ್ ಹಾಕಿದಾಗಲೆಲ್ಲ ಅದಕ್ಕೆ ಕರೆಂಟು ಸಿಗುತ್ತಿರುತ್ತದೆ, ಡ್ಯಾಶ್‌ಬೋರ್ಡಿನ ಸ್ವಿಚ್ಚು ಕೂಡಿಸುವುದು ಅರ್ತನ್ನು. ಪಾರ್ಕ್ ಸ್ವಿಚ್ಚು ಆ ಸ್ವಿಚ್ಚಿಗೆ ಸಮಾನಾಂತರವಾಗಿ ಕುಳಿತು ತಂಗುವ ಜಾಗದಲ್ಲಿ ಸುಮ್ಮನೆ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಶಾರ್ಟ್ ಆಗುವ ಭಯವಿಲ್ಲ. ಸ್ವಿಚ್ಚಿನ ಎರಡು ಕಾಲುಗಳಿಗೆ ಅಡ್ಡಲಾಗಿ ಸರಳ ರಿಲೇ ಸಾಕು. 1960ರ ದಶಕದ ಜನರಲ್ ಮೋಟರ್ಸ್ ಕಾರುಗಳಲ್ಲಿಯೂ ಸ್ವಿಚ್ಚು ಅರ್ತಿನ ಕಡೆಗೇ ಇತ್ತು. ಹಾಗಾಗಿ ಎಲ್ಲ ಕಾರಿಗೂ ಹೊಂದುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬುವ ಮೊದಲು ನಿಮ್ಮ ಸ್ವಿಚ್ಚು ಕೂಡಿಸುವುದು 12 ವೋಲ್ಟನ್ನೋ ಅರ್ತನ್ನೋ ಎಂಬುದನ್ನು ಮೀಟರಿನಿಂದ ನೋಡಿ.

ಇನ್ನೆರಡು ಪ್ರಶ್ನೆ. ಬ್ಯಾಟರಿಯ ಯಾವ ತುದಿ ಕಾರಿನ ಲೋಹದ ಬಾಡಿಗೆ ಸೇರಿದೆ? 1960ರ ದಶಕದ ನಡುವಿನವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನಧ್ರುವ ಬಾಡಿಯಲ್ಲಿದೆ (ಧನ ಅರ್ತ್). ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು 1967ರವರೆಗೂ ಹಾಗೆಯೇ ಇತ್ತು. ಋಣ ಅರ್ತಿಗೆಂದು ಮಾಡಿದ ಟೈಮರ್ ಮಾಡ್ಯೂಲನ್ನು ತಿರುಗುಮುರುಗಾಗಿ ಜೋಡಿಸಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಎರಡನೆಯದು ವೋಲ್ಟೇಜು. ಆರು ವೋಲ್ಟಿನ ಕಾರಿಗೆ ಹನ್ನೆರಡರ ರಿಲೇ ಎಳೆಯುವುದೇ ಇಲ್ಲ.

ತಯಾರಕರದೇ ಭಾಗ

ನಿಮ್ಮ ಮಾದರಿಯ ಕಾರೇ ಕೆಲವು ವರ್ಷಗಳ ನಂತರ ಬಿಟ್ಟು ಬಿಟ್ಟು ಒರೆಸುವ ವೈಪರಿನೊಂದಿಗೆ ಬಂದಿದ್ದರೆ ಬೇರೆಡೆ ಹುಡುಕಬೇಡಿ. ಮೋಟಾರು ಅದೇ ಆಗಿದ್ದರೆ ಬೇಕಾಗುವುದು ಸ್ವಿಚ್ಚು, ರಿಲೇ ಮತ್ತು ಎರಡು ಮೂರು ವೈರುಗಳು. ವೈರಿಂಗ್ ನಕ್ಷೆ ಅದೇ ಕಾರಿನ ಕೈಪಿಡಿಯಲ್ಲಿ ಸಿಗುತ್ತದೆ, ಕನೆಕ್ಟರುಗಳು ಹೊಂದುತ್ತವೆ, ಮುಂದೆ ಕಾರು ಕೊಂಡವರಿಗೂ ಅದು ಅರ್ಥವಾಗುತ್ತದೆ. ಒಂದೇ ತೊಡಕೆಂದರೆ ಸ್ಟಿಯರಿಂಗ್ ಪಕ್ಕದ ಕಡ್ಡಿ. ಹಿಂದಿನ ವರ್ಷದ ಕಾರಿನಲ್ಲಿ ಸ್ವಿಚ್ಚು ಡ್ಯಾಶ್‌ಬೋರ್ಡಿನಲ್ಲಿದ್ದು ನಂತರದ್ದರಲ್ಲಿ ಕಡ್ಡಿಗೆ ಬಂದಿದ್ದರೆ ಇಡೀ ಕಾಲಮ್ ಬಿಚ್ಚುವ ಕೆಲಸವಾಗುತ್ತದೆ. ಅಷ್ಟಕ್ಕೆ ಇಳಿಯಬೇಡಿ. ರಿಲೇ ಮಾತ್ರ ತಂದು, ಬೇರೊಂದು ಸ್ವಿಚ್ಚಿನಿಂದ ಅದನ್ನು ಎಬ್ಬಿಸಿದರೂ ಕೆಲಸ ನಡೆಯುತ್ತದೆ.

ಒಂದು ಬಗೆಯ ಕಾರಿಗೆ ಮಾತ್ರ ಇದನ್ನು ಬಿಟ್ಟರೆ ಹೆಚ್ಚು ದಾರಿಗಳಿಲ್ಲ. ವೈಪರ್ ತೋಳುಗಳು ಬಾನೆಟ್ಟಿನ ಅಂಚಿನ ಕೆಳಗೆ ಹೋಗಿ ಅಡಗುವ ಅಮೆರಿಕನ್ ಕಾರುಗಳಿವೆ. ಅಡಗಲು ಮೋಟಾರು ಹಿಮ್ಮುಖವಾಗಿ ತಿರುಗುವಂಥವೂ ಇವೆ. ಪ್ರತಿ ಬೀಸಿಗೂ ಅಡಗಿ ಏಳುವುದು ಕಣ್ಣಿಗೂ ಕೆಟ್ಟದು, ಯಂತ್ರಕ್ಕೂ ಕೆಟ್ಟದು. ಅಂಥ ಮೋಟಾರಿಗೆ ತಯಾರಕರ ವ್ಯವಸ್ಥೆಯನ್ನೋ ಅದಕ್ಕೆಂದೇ ಮಾಡಿದ ಕಿಟ್ಟನ್ನೋ ಹಾಕಬೇಕು.

ಬೇರೆ ಕಾರಿನ ರಿಲೇ

ನನಗೆ ಹೆಚ್ಚು ಮೆಚ್ಚುಗೆಯಾದ ದಾರಿ ಇದು. ಜರ್ಮನ್ ಕಾರುಗಳ ವೈರಿಂಗಿನಲ್ಲಿ ಪ್ರತಿ ಟರ್ಮಿನಲ್ಲಿಗೂ ನಿಗದಿತ ಸಂಖ್ಯೆಯಿದೆ. 15 ಎಂದರೆ ಇಗ್ನಿಷನ್ ಹಾಕಿದಾಗ ಬರುವ ಕರೆಂಟು, 31 ಎಂದರೆ ಅರ್ತ್, 53ರ ಗುಂಪು ವೈಪರಿನದು. 1970 ಮತ್ತು 80ರ ದಶಕಗಳ ಫೋಕ್ಸ್‌ವ್ಯಾಗನ್, ಆಡಿ ಕಾರುಗಳಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ, ತಲೆಯ ಮೇಲೆ 19 ಎಂದು ಬರೆದ ರಿಲೇ ಸಿಗುತ್ತದೆ. ಕಾಲುಗಳು ಆರು. 15 ಮತ್ತು 31ರ ಜೊತೆಗೆ 53ಎಸ್ ಮೋಟಾರಿನ ಪಾರ್ಕ್ ವೈರಿಗೆ, 53ಎಂ ಸ್ವಿಚ್ಚಿನ ಪಾರ್ಕ್ ಟರ್ಮಿನಲ್ಲಿಗೆ. ಮೇಲೆ ಹೇಳಿದ ಸರಿಯಾದ ಜಾಗವನ್ನೇ ಅದು ತಾನಾಗಿ ಆಕ್ರಮಿಸುತ್ತದೆ. ಐ ಎಂಬ ಕಾಲಿಗೆ 12 ವೋಲ್ಟ್ ಕೊಟ್ಟರೆ ಬಿಟ್ಟು ಬಿಟ್ಟು ಒರೆಸಲು ತೊಡಗುತ್ತದೆ. ಟಿ ಎಂಬ ಕಾಲನ್ನು ಗಾಜು ತೊಳೆಯುವ ಪಂಪಿನ ವೈರಿಗೆ ಸೇರಿಸಿದರೆ ನೀರು ಚಿಮ್ಮಿದ ನಂತರ ತಾನೇ ಕೆಲವು ಬೀಸು ಹೊಡೆಯುತ್ತದೆ. ಹಳೆಯ ಕಾರಿನಲ್ಲಿ ಈ ಎರಡನೆಯ ಸೌಕರ್ಯ ಮೊದಲನೆಯದಕ್ಕಿಂತ ಹೆಚ್ಚು ಸುಖ ಕೊಡುವುದುಂಟು.

19ರ ಕೊರತೆ ಅದರ ಅಂತರ ಬದಲಾಗದಿರುವುದು. ಆ ಕೊರತೆಯನ್ನು ನೀಗಿಸುವುದು 99 ಎಂದು ಬರೆದ ರಿಲೇ. ಸ್ವಿಚ್ಚು ಹಾಕಿ, ಒಂದು ಬೀಸಾದ ಮೇಲೆ ಆರಿಸಿ, ನಿಮಗೆ ಬೇಕಾದಷ್ಟು ಕಾದು ಮತ್ತೆ ಹಾಕಿ. ನೀವು ಕಾದ ಹೊತ್ತನ್ನೇ ಅದು ಅಂತರವಾಗಿ ನೆನಪಿಟ್ಟುಕೊಳ್ಳುತ್ತದೆ. ಅಂತರ ಹೊಂದಿಸಲು ಹೊಸ ತಿರುಪು ಬೇಡ, ಐ ಕಾಲಿಗೆ ಕರೆಂಟು ಕೊಡುವ ಒಂದು ಸ್ವಿಚ್ಚನ್ನು ಕಾಣದ ಕಡೆ ಇಟ್ಟರೆ ಸಾಕು. ಡ್ಯಾಶ್‌ಬೋರ್ಡನ್ನು ಮುಟ್ಟಲು ಮನಸ್ಸಿಲ್ಲದವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಮಿತಿಗಳೂ ಇವೆ. ಇವು ಋಣ ಅರ್ತಿನ 12 ವೋಲ್ಟಿಗೆ, ಪಾರ್ಕ್ ವೈರು ಅರ್ತಿಗೆ ಹೊರಳುವ ಮೋಟಾರಿಗೆ ಮಾತ್ರ. 14ಡಬ್ಲ್ಯೂ ಇರುವ ಬ್ರಿಟಿಷ್ ಕಾರಿಗೆ ಹೊಂದುತ್ತದೆ, ಡಿಆರ್3ಎ ಇರುವುದಕ್ಕೆ ಹಾಗೆಯೇ ಹೊಂದುವುದಿಲ್ಲ. ರಿಲೇ ಜೊತೆಗೆ ಅದರ ಸಾಕೆಟ್ಟನ್ನೂ ವೈರುಗಳ ತುಂಡಿನ ಸಮೇತ ತೆಗೆದುಕೊಂಡರೆ ಜೋಡಣೆ ಅಚ್ಚುಕಟ್ಟಾಗುತ್ತದೆ.

ಸಿದ್ಧ ಮಾಡ್ಯೂಲ್

ತಿರುಪು ಇರುವ, ಎಲ್ಲ ಕಾರುಗಳಿಗೆಂದು ಮಾರುವ ಪುಟ್ಟ ಪೆಟ್ಟಿಗೆಗಳು ಮೂರನೆಯ ದಾರಿ. ಒಳ್ಳೆಯವು ಒಳ್ಳೆಯವೇ. ಎರಡರಿಂದ ಇಪ್ಪತ್ತು ಸೆಕೆಂಡಿನ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ತಿರುಪಿಗೆ ನಾನು ಬೆಲೆ ಕೊಡುತ್ತೇನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಐದು ಸೆಕೆಂಡಿಗೆ ಕಾರು 83 ಮೀಟರ್ ಸಾಗುತ್ತದೆ, 90ರ ವೇಗದಲ್ಲಿ ಇಪ್ಪತ್ತು ಸೆಕೆಂಡಿಗೆ ಅರ್ಧ ಕಿಲೋಮೀಟರ್. ಮಂಜಿನಂಥ ತುಂತುರಿಗೆ ಇಪ್ಪತ್ತು ಸರಿ, ಎದುರಿನ ಲಾರಿ ಎರಚುವ ನೀರಿಗೆ ಮೂರೂ ಹೆಚ್ಚು. ಒಂದೇ ಅಂತರ ಎರಡಕ್ಕೂ ಸಾಲದು.

ಕೊಳ್ಳುವ ಮೊದಲು ಮೂರು ಸಂಗತಿ ನೋಡಿ. ಒಳಗಿರುವುದು ರಿಲೇಯೋ ಟ್ರಾನ್ಸಿಸ್ಟರೋ? ರಿಲೇ ಇದ್ದು ಅದರ ಸಂಪರ್ಕದ ಕಾಲುಗಳು ಟೈಮರಿನ ಕರೆಂಟಿನಿಂದ ಪೂರ್ತಿ ಬೇರೆಯಾಗಿದ್ದರೆ ಧನ ಅರ್ತಿನ ಕಾರಿನಲ್ಲೂ ಬಳಸಬಹುದು. ಟೈಮರಿನ ಧನ ವೈರನ್ನು ಬಾಡಿಗೆ, ಋಣ ವೈರನ್ನು ಕರೆಂಟು ಬರುವ ಕಡೆಗೆ ಕೊಟ್ಟರಾಯಿತು. ಪೆಟ್ಟಿಗೆಯ ಲೋಹದ ಕವಚ ಮಾತ್ರ ಬಾಡಿಗೆ ತಾಗಿ ಒಳಗಿನ ಋಣಕ್ಕೆ ಸೇರಬಾರದು. ಟ್ರಾನ್ಸಿಸ್ಟರಿನದಾದರೆ ಆ ಸ್ವಾತಂತ್ರ್ಯವಿಲ್ಲ. ಎರಡನೆಯದು, ರಿಲೇಗೆ ಎರಡು ಕಡೆ ಹೊರಳುವ ಸಂಪರ್ಕವಿದೆಯೇ? ಎರಡೇ ವೈರು ಹೊರಬರುವ ಮಾಡ್ಯೂಲು ಡಿಆರ್3ಎ ಬಗೆಯ ಮೋಟಾರಿಗಷ್ಟೇ ಸರಿ. ಮೂರನೆಯದು, ಅದು ಕರೆಂಟು ಕೊಡುವ ಹೊತ್ತು ಎಷ್ಟು? ನಿಮಿಷಕ್ಕೆ 45 ಸುತ್ತು ಹೊಡೆಯುವ ವೈಪರಿಗೆ ಒಂದು ಸುತ್ತಿಗೆ ಸುಮಾರು 1.3 ಸೆಕೆಂಡು ಬೇಕು. ಟೈಮರ್ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿಟ್ಟರೆ ಪ್ರತಿ ಸಲವೂ ಎರಡು ಬೀಸು. ತೀರ ಕಡಿಮೆಯಾದರೆ ಕ್ಯಾಮ್ ತಂಗುವ ಜಾಗ ಬಿಟ್ಟು ಹೊರಡುವುದೇ ಇಲ್ಲ. ಚಳಿಯಲ್ಲಿ ಗ್ರೀಸು ಗಟ್ಟಿಯಾದಾಗ ಇದು ಎದ್ದು ಕಾಣುತ್ತದೆ.

ಕೈಯಾರೆ ಕಟ್ಟುವುದು

ಬೆಸುಗೆ ಕಡ್ಡಿ ಹಿಡಿದು ಅಭ್ಯಾಸವಿದ್ದರೆ ಇದೊಂದು ಭಾನುವಾರದ ಕೆಲಸ. 1972ರಲ್ಲಿ ಸಿಗ್ನೆಟಿಕ್ಸ್ ಕಂಪನಿ ಮಾರುಕಟ್ಟೆಗೆ ತಂದ 555 ಎಂಬ ಟೈಮರ್ ಚಿಪ್ಪು ಇಂಥ ಕೆಲಸಕ್ಕೆ ಇಂದಿಗೂ ಸಾಕು. ಆದರೆ ಪುಸ್ತಕಗಳಲ್ಲಿರುವ ಸಾಮಾನ್ಯ ಸರ್ಕ್ಯೂಟನ್ನು ಹಾಗೆಯೇ ನಕಲು ಮಾಡಿದರೆ ಒಂದು ಇಕ್ಕಟ್ಟು ಎದುರಾಗುತ್ತದೆ. ಅದರಲ್ಲಿ ಔಟ್‌ಪುಟ್ಟಿನ ವೋಲ್ಟೇಜು ಮೇಲಿರುವ ಹೊತ್ತು ಕೆಳಗಿರುವ ಹೊತ್ತಿಗಿಂತ ಸದಾ ಹೆಚ್ಚು. ನಮಗೆ ಬೇಕಾದದ್ದು ತದ್ವಿರುದ್ಧ: ಕ್ಷಣಕಾಲ ಓಟ, ಬಹುಕಾಲ ವಿರಾಮ. ಔಟ್‌ಪುಟ್ ಕೆಳಗಿದ್ದಾಗ ರಿಲೇ ಎಳೆಯುವಂತೆ ಮಾಡಿ ಕೆಲವರು ಇದನ್ನು ಬಗೆಹರಿಸುತ್ತಾರೆ. ಆಗ ಸ್ವಿಚ್ಚು ಹಾಕಿದ ಮೇಲೆ ಮೊದಲ ಬೀಸಿಗೆ ಇಡೀ ವಿರಾಮದಷ್ಟೋ ಅದಕ್ಕಿಂತ ಹೆಚ್ಚೋ ಕಾಯಬೇಕಾಗುತ್ತದೆ. ಗಾಜು ಮಸುಕಾಗಿದೆ ಎಂದೇ ಅಲ್ಲವೇ ಸ್ವಿಚ್ಚು ಹಾಕಿದ್ದು?

ನನ್ನ ಆಯ್ಕೆ, ಹೊತ್ತನ್ನು ನಿರ್ಧರಿಸುವ ಎರಡು ರೆಸಿಸ್ಟರುಗಳಲ್ಲಿ ಎರಡನೆಯದಕ್ಕೆ ಅಡ್ಡಲಾಗಿ ಒಂದು ಡಯೋಡು. ಕೆಪಾಸಿಟರು ತುಂಬುವಾಗ ಕರೆಂಟು ಡಯೋಡಿನ ಮೂಲಕ ಹರಿಯುತ್ತದೆ, ಬರಿದಾಗುವಾಗ ಮಾತ್ರ ರೆಸಿಸ್ಟರಿನ ಮೂಲಕ. ಓಟದ ಹೊತ್ತು, ವಿರಾಮದ ಹೊತ್ತು ಎರಡೂ ಬೇರೆ ಬೇರೆಯಾಗಿ ಕೈಗೆ ಸಿಗುತ್ತವೆ. 47 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೊದಲ ರೆಸಿಸ್ಟರ್ 22 ಕಿಲೋ ಓಮ್ ಆದರೆ ಓಟ ಸುಮಾರು 0.8 ಸೆಕೆಂಡು. ಎರಡನೆಯದರ ಜಾಗದಲ್ಲಿ 47 ಕಿಲೋ ಓಮ್ ಮತ್ತು ಅದಕ್ಕೆ ಸಾಲಾಗಿ 500 ಕಿಲೋ ಓಮಿನ ತಿರುಪು (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್) ಇಟ್ಟರೆ ವಿರಾಮ ಒಂದೂವರೆ ಸೆಕೆಂಡಿನಿಂದ ಹದಿನೆಂಟರ ಹತ್ತಿರದವರೆಗೆ. ಸ್ವಿಚ್ಚು ಹಾಕಿದ ಕೂಡಲೇ ಮೊದಲ ಬೀಸು. ಆ ಮೊದಲನೆಯದರಲ್ಲಿ ಕೆಪಾಸಿಟರು ಸೊನ್ನೆಯಿಂದ ತುಂಬಬೇಕಾದ್ದರಿಂದ ಓಟ 1.2 ಸೆಕೆಂಡು ದಾಟುತ್ತದೆ. ನಿಮ್ಮ ಮೋಟಾರು ಚುರುಕಾಗಿದ್ದರೆ ಆಗ ಎರಡು ಬೀಸು ಬರಬಹುದು, ಮಸುಕಾದ ಗಾಜಿಗೆ ಅದು ಒಳ್ಳೆಯದೇ.

555 ತಡೆದುಕೊಳ್ಳುವ ವೋಲ್ಟೇಜು 16ರ ಆಸುಪಾಸು. ಚಾರ್ಜಾಗುತ್ತಿರುವ ಕಾರಿನಲ್ಲಿ 14.4 ಸಾಮಾನ್ಯ. ಬ್ಯಾಟರಿಯ ಕ್ಲಾಂಪು ಸಡಿಲವಾಗಿ ಜಿಗಿದರೆ ಆಲ್ಟರ್ನೇಟರಿನಿಂದ ಹತ್ತಾರು ವೋಲ್ಟಿನ ಅಲೆ ಬರುತ್ತದೆ. ಹಾಗಾಗಿ ಚಿಪ್ಪಿನ ಮುಂದೆ 100 ಓಮಿನ ರೆಸಿಸ್ಟರ್, 15 ವೋಲ್ಟಿನ ಜೀನರ್ ಡಯೋಡು, ಒಳಬರುವ ದಾರಿಯಲ್ಲಿ ಏಕಾಏಕಿ ಏರುವ ವೋಲ್ಟೇಜನ್ನು ತಡೆಯುವ ಒಂದು ಟಿವಿಎಸ್ ಡಯೋಡು, ರಿಲೇ ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡು, ರಿಲೇಯನ್ನು ಎಳೆಯಲು ಪ್ರತ್ಯೇಕ ಟ್ರಾನ್ಸಿಸ್ಟರ್. ಆರು ವೋಲ್ಟಿನ ಕಾರಿಗೆ ಈ ಟ್ರಾನ್ಸಿಸ್ಟರ್ ಅನಿವಾರ್ಯ. ಚಿಪ್ಪಿನ ಔಟ್‌ಪುಟ್ಟಿನಲ್ಲಿ ಒಂದೂವರೆ ವೋಲ್ಟಿನಷ್ಟು ಕಳೆದುಹೋಗುವುದರಿಂದ ಆರರ ರಿಲೇಗೆ ಉಳಿಯುವುದು ಸಾಲದು. ಧನ ಅರ್ತಿನ ಮತ್ತು ಆರು ವೋಲ್ಟಿನ ಕಾರುಗಳಿಗೆ ಕೈಯಾರೆ ಕಟ್ಟುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ, ಏಕೆಂದರೆ ಸಿದ್ಧ ಸರಕು ಮಾಡುವವರು ಆ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅಪರೂಪ.

ಮೈಕ್ರೋಕಂಟ್ರೋಲರಿನಿಂದಲೂ ಮಾಡಬಹುದು. ಪ್ರೋಗ್ರಾಂ ಬರೆಯುವವರಿಗೆ 99ರ ನೆನಪಿನ ಗುಣವನ್ನು ಅದರಲ್ಲಿ ತರುವುದು ಸುಲಭ. ಆದರೆ ಹತ್ತು ವರ್ಷದ ನಂತರ ಅದು ಕೆಟ್ಟರೆ ಆ ಪ್ರೋಗ್ರಾಂ ಎಲ್ಲಿದೆ ಎಂದು ಹುಡುಕಬೇಕು. 555ರ ಸರ್ಕ್ಯೂಟನ್ನು ಒಂದು ಚೀಟಿಯ ಮೇಲೆ ಬರೆದು ಪೆಟ್ಟಿಗೆಯ ಒಳಗೇ ಅಂಟಿಸಿಡಬಹುದು. ನಾನು ಹಾಗೆಯೇ ಮಾಡಿದ್ದೇನೆ.

ಮೋಟಾರನ್ನೇ ಬದಲಿಸುವುದು

ಎಂಜಿನ್ನಿನ ನಿರ್ವಾತದಿಂದ ಓಡುವ ವೈಪರ್ ಇರುವ ಕಾರುಗಳಿಗೆ ಮೇಲಿನ ಯಾವುದೂ ಹೊಂದುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಮ್ಯಾನಿಫೋಲ್ಡಿನ ನಿರ್ವಾತ ಕುಸಿದು ವೈಪರ್ ಸೊರಗುತ್ತದೆ, ಏರು ಹತ್ತುವಾಗ ನಿಂತೇಬಿಡುತ್ತದೆ. ಅಲ್ಲಿ ಬೇಕಾದದ್ದು ವಿರಾಮವಲ್ಲ, ನಂಬಿಕೆಗೆ ಅರ್ಹವಾದ ಓಟ. ನಿರ್ವಾತದ ಮೋಟಾರು ಇದ್ದ ಜಾಗದಲ್ಲೇ ಕೂರುವ ವಿದ್ಯುತ್ ಮೋಟಾರಿನ ಕಿಟ್ಟುಗಳಿವೆ. ಬಿಟ್ಟು ಬಿಟ್ಟು ಒರೆಸುವ ಸ್ವಿಚ್ಚಿನೊಂದಿಗೇ ಬರುವಂಥವೂ ಇವೆ. ಹಳೆಯ ಮೋಟಾರನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಎತ್ತಿಡಿ.

ಪಾರ್ಕ್ ಸ್ವಿಚ್ಚೇ ಇಲ್ಲದ ವಿದ್ಯುತ್ ಮೋಟಾರಿಗೂ ಇದೇ ದಾರಿ. ಆದರೆ ಚೆನ್ನಾಗಿ ತಂಗುವ ಮೋಟಾರು ಇದ್ದಾಗಲೂ ಬಿಟ್ಟು ಬಿಟ್ಟು ಒರೆಸುವ ಸುಖಕ್ಕೆಂದೇ ಇಡೀ ಮೋಟಾರು ಬದಲಿಸುವುದು ಮೂಗಿಗಿಂತ ಮೂಗುತ್ತಿ ಭಾರವಾದಂತೆ.

ಮಳೆಯನ್ನು ತಾನೇ ಅರಿಯುವ ಸಂವೇದಕದ ಬಗ್ಗೆಯೂ ಕೇಳುವವರಿದ್ದಾರೆ. ಅದು ಗಾಜಿನೊಳಗೆ 45 ಡಿಗ್ರಿ ಕೋನದಲ್ಲಿ ಕಾಣದ ಬೆಳಕನ್ನು ಹಾಯಿಸುತ್ತದೆ. ಹೊರಮೈ ಒಣಗಿದ್ದರೆ ಬೆಳಕು ಪೂರ್ತಿ ಪ್ರತಿಫಲಿಸಿ ಮರಳುತ್ತದೆ, ಹನಿ ಕುಳಿತಲ್ಲಿ ಹೊರಗೆ ಸೋರಿಹೋಗುತ್ತದೆ. ಚೆಂದದ ಉಪಾಯವೇ. ಆದರೆ ಗೀರು ಬಿದ್ದ, ಅಂಚು ಮಂಕಾದ ಹಳೆಯ ಗಾಜಿಗೆ, ಕನ್ನಡಿಯ ಹಿಂದೆ ಕಪ್ಪು ಪೆಟ್ಟಿಗೆ ಅಂಟಿಸಿ ಅದನ್ನು ತರುವುದನ್ನು ನಾನು ಒಪ್ಪುವುದಿಲ್ಲ. 1970ರ ಸಿಟ್ರೊಯೆನ್ ಎಸ್‌ಎಂ ಕಾರು ಸಂವೇದಕವಿಲ್ಲದೆಯೇ ಇದನ್ನು ಸಾಧಿಸಿತ್ತು: ಗಾಜು ಒಣಗಿದ್ದರೆ ಉಜ್ಜಾಟ ಹೆಚ್ಚಾಗಿ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಅದನ್ನು ಅಳೆದು ಟೈಮರು ವಿರಾಮವನ್ನು ಹಿಗ್ಗಿಸುತ್ತಿತ್ತು. ಎಲೆಕ್ಟ್ರಾನಿಕ್ಸ್ ಬಲ್ಲವರು ಕೈಹಾಕಲು ಯೋಗ್ಯವಾದ ಉಪಾಯ ಅದು.

ಯಾರಿಗೆ ಯಾವುದು

ಪಾರ್ಕ್ ವೈರು ಅರ್ತಿಗೆ ಹೊರಳುವ ಎರಡು ವೇಗದ ಮೋಟಾರು, ಋಣ ಅರ್ತ್, 12 ವೋಲ್ಟ್ ಇದ್ದರೆ 99ರ ರಿಲೇಯನ್ನೇ ಹಾಕಿ, ಬೇರೆ ಯೋಚನೆ ಬೇಡ. ಆದರೆ ಅದೇ ಕಾರಿನ ನಂತರದ ವರ್ಷದ ಭಾಗ ಸುಲಭವಾಗಿ ಸಿಕ್ಕಿದರೆ ಅದಕ್ಕೆ ಮೊದಲ ಮಣೆ. ಡಿಆರ್3ಎ ಬಗೆಯ ಒಂದೇ ವೇಗದ ಮೋಟಾರಿಗೆ ಸರಳ ರಿಲೇ ಇರುವ ಸಿದ್ಧ ಮಾಡ್ಯೂಲ್ ಅಥವಾ 555. ಧನ ಅರ್ತಿಗೂ ಆರು ವೋಲ್ಟಿಗೂ 555. ಪ್ರದರ್ಶನಗಳಲ್ಲಿ ಮೂಲರೂಪಕ್ಕೆ ಅಂಕ ಎಣಿಸುವ ಕಾರಾದರೆ ತಿರುಪನ್ನು ಆಶ್‌ಟ್ರೇಯ ಒಳಗೋ ಗ್ಲೋವ್ ಬಾಕ್ಸಿನಲ್ಲೋ ಅಡಗಿಸಬಹುದು, ಅಥವಾ ತಿರುಪೇ ಬೇಡದ 99ನ್ನು ಆರಿಸಬಹುದು. ಮಳೆಯಲ್ಲಿ ವರ್ಷಕ್ಕೊಮ್ಮೆ ಹೊರಡುವ ಕಾರಿಗೆ ಏನೂ ಬೇಡ. ಗಾಜನ್ನು ಚೆನ್ನಾಗಿ ತೊಳೆದು, ಹೊಸ ಬ್ಲೇಡು ಹಾಕಿ, ಕೈಯಿಂದಲೇ ಸ್ವಿಚ್ಚು ಆಡಿಸಿದರೆ ಸಾಕು.

ಜೋಡಿಸುವ ಮುನ್ನ

ಮೊದಲು ಯಂತ್ರ, ನಂತರ ವೈರು. ಹಲ್ಲಿನ ಕೇಬಲ್ಲಿನಿಂದ ಓಡುವ ವೈಪರಾದರೆ ತೋಳು, ಬ್ಲೇಡು, ಮೋಟಾರು ಮೂರನ್ನೂ ಬಿಡಿಸಿ, ಕೇಬಲ್ಲಿನ ತುದಿಗೆ ತೂಗುವ ಸ್ಪ್ರಿಂಗ್ ಸಿಕ್ಕಿಸಿ ಎಳೆದು ನೋಡಿ. ಲೂಕಾಸ್ ವ್ಯವಸ್ಥೆಗೆ ಕೈಪಿಡಿಗಳು ಹೇಳುವ ಮಿತಿ ಆರು ಪೌಂಡ್, ಅಂದರೆ ಸುಮಾರು 2.7 ಕಿಲೋ. ಅದಕ್ಕಿಂತ ಬಿಗಿಯಿದ್ದರೆ ಹಳೆಯ ಗ್ರೀಸು ತೊಳೆದು ಹೊಸದು ಹಚ್ಚದೆ ಮುಂದೆ ಹೋಗಬೇಡಿ. ಬಿಗಿಯಾದ ಕೇಬಲ್ಲಿಗೆ ನಿಮಿಷಕ್ಕೆ ಹತ್ತು ಬಾರಿ ನಿಂತು ಹೊರಡುವುದು ಎಡೆಬಿಡದೆ ಓಡುವುದಕ್ಕಿಂತ ಕಷ್ಟ.

ಪಾರ್ಕ್ ಸ್ವಿಚ್ಚಿಗೂ ಹೊಸ ಹೊರೆ ಬೀಳುತ್ತದೆ. ಎಡೆಬಿಡದೆ ಓಡುವಾಗ ಮೋಟಾರಿನ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ಬರುತ್ತದೆ. ಬಿಟ್ಟು ಬಿಟ್ಟು ಓಡುವಾಗ ಪ್ರತಿ ಬೀಸಿನ ದೊಡ್ಡದೊಂದು ಪಾಲು ಪಾರ್ಕ್ ಸ್ವಿಚ್ಚಿನ ಮೂಲಕ ಹರಿಯುತ್ತದೆ. ಎಡೆಬಿಡದ ಓಟದಲ್ಲಿ ಒಂದು ಪ್ರಯಾಣಕ್ಕೆ ಒಮ್ಮೆ ದುಡಿಯುತ್ತಿದ್ದದ್ದು ಈಗ ನೂರಾರು ಸಲ ದುಡಿಯಬೇಕು. ಮುಚ್ಚಳ ತೆಗೆದು ಸಂಪರ್ಕಗಳನ್ನು ನಯವಾದ ಕಾಗದದಿಂದ ಉಜ್ಜಿ, ಕರಕಲು ಇದ್ದರೆ ಬದಲಿಸಿ.

ಮೂಲ ವೈರಿಂಗನ್ನು ಎಲ್ಲಿಯೂ ಕತ್ತರಿಸಬೇಡಿ. ಸ್ವಿಚ್ಚಿನ ಹಿಂದಿನ ಪಾರ್ಕ್ ವೈರನ್ನು ಟರ್ಮಿನಲ್ಲಿನಿಂದ ಎಳೆದು, ಗಂಡು ಹೆಣ್ಣು ತುದಿಗಳಿರುವ ಚಿಕ್ಕ ವೈರುಗಳನ್ನು ನಡುವೆ ಸೇರಿಸಿದರೆ ಸಾಕು. ಬೇಡವೆನಿಸಿದಾಗ ಅವನ್ನು ಕಿತ್ತು ಹಳೆಯದನ್ನು ಮತ್ತೆ ಸಿಕ್ಕಿಸಿದರೆ ಕಾರು ಹುಟ್ಟಿದಂತೆಯೇ ಇರುತ್ತದೆ. ಹೊಸ ಸಾಲಿಗೆ ಇಗ್ನಿಷನ್ನಿನ ಜೊತೆ ಆರುವ ಕಡೆಯಿಂದಲೇ ಕರೆಂಟು ತೆಗೆದು, ಅದಕ್ಕೆ ಸ್ವಂತ ಫ್ಯೂಸು ಹಾಕಿ. ಸದಾ ಕರೆಂಟು ಇರುವ ವೈರಿಗೆ ಸೇರಿಸಿದರೆ ನಿಂತ ಕಾರಿನಲ್ಲಿ ರಾತ್ರಿಯಿಡೀ ವೈಪರ್ ಬೀಸುತ್ತಿರುತ್ತದೆ. ರಿಲೇಯನ್ನು ನೀರು ತೊಟ್ಟಿಕ್ಕದ ಕಡೆ, ಕಾಲುಗಳು ಕೆಳಮುಖವಾಗಿರುವಂತೆ ನಿಲ್ಲಿಸಿ. ಟಕ್ ಟಕ್ ಸದ್ದು ಬೇಸರ ತಂದರೆ ಲೋಹದ ಹಲಗೆಗೆ ಬಿಗಿಯುವ ಬದಲು ರಬ್ಬರಿನ ತುಂಡಿನ ಮೇಲೆ ಕೂರಿಸಿ.

ಕೊನೆಗೆ ಗಾಜಿಗೆ ನೀರು ಸುರಿದು, ಎಂಜಿನ್ ಓಡುತ್ತಿರುವಾಗ ಒಮ್ಮೆ, ಎಂಜಿನ್ ನಿಲ್ಲಿಸಿ ಇಗ್ನಿಷನ್ ಮತ್ತು ಹೆಡ್‌ಲೈಟ್ ಹಾಕಿ ಬ್ಯಾಟರಿಯ ವೋಲ್ಟೇಜು ಇಳಿದಾಗ ಒಮ್ಮೆ, ಎರಡು ಸಲ ಪರೀಕ್ಷಿಸಿ. ಎರಡರಲ್ಲೂ ಒಂದೇ ಬೀಸು ಹೊಡೆದು ತಂಗಿದರೆ ಡ್ಯಾಶ್‌ಬೋರ್ಡಿನ ತಳಹಲಗೆಯ ಸ್ಕ್ರೂಗಳನ್ನು ಬಿಗಿಯಬಹುದು.